ಪಕ್ಕದ ಸೀಟಿನ ಮೇಷ್ಟ್ರು

ನನ್ನ ಗಂಡ ಜೈಲಿಗೆ ಹೋಗಿ ಬಂದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ನಿಮ್ಮ ಕಿವಿಯಲ್ಲಿ ಊದುವುದು, ನೀವು ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ನುವುದು, ಅದೆಲ್ಲ ನನಗೆ ಬೇಕಾಗಿಲ್ಲ. ಕದ್ದು ಹೋದವರಲ್ಲ, ಯಾರಿಗೋ ಹೊಡೆದು ಹೋದವರಲ್ಲ. ಲೈಸೆನ್ಸ್ ಅಮಾನತಿನಲ್ಲಿದ್ದಾಗ ಗಾಡಿ ಓಡಿಸಿ ಹೋದರು. ಅದೂ ಒಂದು ಸಲವಲ್ಲ, ಮೂರು ಸಲ. ಯಾರು? ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರು! ನಗುವುದಾದರೆ ಈಗಲೇ ನಕ್ಕುಬಿಡಿ, ಕಾಯುತ್ತೇನೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಝೆರಾಕ್ಸ್ ಅಂಗಡಿಗೂ ನಡುವೆ ನಮ್ಮ ಒಂದೇ ಕೋಣೆಯ ಡ್ರೈವಿಂಗ್ ಶಾಲೆ ಇತ್ತು. ಗೋಡೆಯ ಮೇಲೆ ರಸ್ತೆಯ ಗುರುತುಗಳ ಚಾರ್ಟು, ಬೆಂಚಿನ ಹರಿದ ಮೂಲೆಯಿಂದ ಇಣುಕುವ ಸ್ಪಂಜು, ಮೇಜಿನ ಹಿಂದೆ ನಾನು. ಅರ್ಜಿ ತುಂಬುವುದು, ಫೋಟೊ ಅಂಟಿಸುವುದು, ಯಾರಿಗೆ ಎಷ್ಟು ಗಂಟೆ ಪಾಠವಾಯಿತೆಂದು ಹಾಜರಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅವರ ಜಾಗ ಬಿಳಿ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಆ ಸೀಟಿನ ಕಾಲಡಿಯೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತದೆ. ಮೂವತ್ತೊಂದು ವರ್ಷ ಅದನ್ನು ಒತ್ತಿ ಒತ್ತಿ, ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೂರು ತಿಂಗಳು ಮೊದಲೇ ಸವೆಯುತ್ತಿತ್ತು.

ಬಾಯಿ ಮಾತ್ರ ಸವೆಯಲಿಲ್ಲ. "ಕನ್ನಡಿ ನೋಡು ಅಂದ್ರೆ ಕ್ರಾಪು ನೋಡ್ಕೊಳ್ಳೋದಲ್ಲ ಕಣಯ್ಯಾ, ಹಿಂದೆ ಬಸ್ ಬರ್ತಿದೆ!" ಎಂದು ಅವರು ಕೂಗಿದರೆ ನಾಲ್ಕು ಅಂಗಡಿಗೆ ಕೇಳಿಸುತ್ತಿತ್ತು. ಬೈಸಿಕೊಂಡವರೇ ಮುಂದೆ ತಮ್ಮ ಮಕ್ಕಳನ್ನೂ ನಮ್ಮಲ್ಲೇ ತಂದು ಸೇರಿಸುತ್ತಿದ್ದರು. ಏಕೆಂದರೆ ಮೇಷ್ಟ್ರ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾಗುವುದು ಅಪರೂಪ.

ಇಂಥವರ ಲೈಸೆನ್ಸ್ ಹೋಗಿದ್ದು ಒಂದು ಹಳದಿ ದೀಪದಿಂದ. ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವಲ್ಲಿ ಹೊಸ ಸಿಗ್ನಲ್ ಹಾಕಿದರು, ಮೇಲೊಂದು ಕ್ಯಾಮೆರಾ ಕೂರಿಸಿದರು. ಹಳದಿ ದೀಪ ಮೂರು ಸೆಕೆಂಡ್ ಇರಬೇಕು, ಇದು ಎರಡೇ ಸೆಕೆಂಡಿಗೆ ಕೆಂಪಾಗುತ್ತದೆ ಎಂದು ನಮ್ಮವರ ತಕರಾರು. ಸ್ಟಾಪ್‌ವಾಚ್ ಹಿಡಿದು ಅರ್ಧ ದಿನ ಅಲ್ಲೇ ನಿಂತು ಅಳೆದು ಬಂದರು. ಸಾರಿಗೆ ಕಚೇರಿಗೆ ಅರ್ಜಿ ಬರೆದರು. ಉತ್ತರವಿಲ್ಲ. ಸರಿ, ದೀಪ ತಪ್ಪಾಗಿದೆಯೆಂದು ತೋರಿಸಲು ಬೇಕೆಂದೇ ಹಳದಿಯಲ್ಲಿ ದಾಟತೊಡಗಿದರು. ನಾಲ್ಕು ಸಲ ಕ್ಯಾಮೆರಾ ಹಿಡಿಯಿತು. ದಂಡ ಕಟ್ಟಿ ಮುಗಿಸಿ ಅಂದೆ. "ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ" ಅಂದರು. ಹಿಡಿದ ಮೊಲಕ್ಕೆ ಮೂರೇ ಕಾಲು! ಆರು ತಿಂಗಳು ಲೈಸೆನ್ಸ್ ಅಮಾನತು ಎಂದು ಕಾಗದ ಬಂತು.

ಆರು ತಿಂಗಳು ಏನು ಮಹಾ? ಮನೆಯಲ್ಲಿ ಕೂತಿದ್ದರೆ ಮುಗಿದು ಹೋಗುತ್ತಿತ್ತು. ಕೂರಬೇಕಲ್ಲ! ಮೂರನೇ ವಾರವೇ ಕಾರು ತೆಗೆದರು, ಮಾರುಕಟ್ಟೆಯ ತಿರುವಿನಲ್ಲಿ ಸಿಕ್ಕಿಬಿದ್ದರು. ತಡೆದ ಪೊಲೀಸಿನವನು ನಮ್ಮ ಹಳೆಯ ವಿದ್ಯಾರ್ಥಿ. ಪಾಪ, ಟೋಪಿ ತೆಗೆದು ತಲೆ ಕೆರೆದುಕೊಂಡನಂತೆ.

"ಮೇಷ್ಟ್ರೇ, ನಿಮ್ಮನ್ನ ನಿಲ್ಸೋಕೆ ನಂಗೇ ನಾಚ್ಕೆ ಆಗುತ್ತೆ."

"ನಾಚ್ಕೆ ಆಮೇಲೆ ಪಟ್ಕೊ. ತಿರುವಿನಲ್ಲಿ ಬೈಕ್ ನಿಲ್ಸಿದೀಯಲ್ಲ, ಇದನ್ನೇನಾ ನಾನು ಕಲ್ಸಿದ್ದು?"

ಅವನು ಮೊದಲು ಬೈಕ್ ಸರಿಸಿ, ಆಮೇಲೆ ಕೇಸು ಬರೆದ. ಅಮಾನತು ಇನ್ನೂ ಒಂದು ವರ್ಷ ಬೆಳೆಯಿತು. ಅದರಿಂದಲಾದರೂ ಬುದ್ಧಿ ಬಂತೇ? ಐದು ತಿಂಗಳಿಗೆ ಎರಡನೇ ಸಲ ಸಿಕ್ಕರು. ಈ ಸಲ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ. ಕಾರನ್ನು ಕ್ರೇನಿಗೆ ಕಟ್ಟಿ ಎಳೆದೊಯ್ದರು, ನಾನು ಊದಿದ ಕೆನ್ನೆ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಕೋರ್ಟಿನಲ್ಲಿ ನ್ಯಾಯಾಧೀಶೆ ಬಿಡಿಸಿ ಹೇಳಿದರು: ಇನ್ನೊಂದು ಸಲ ಸಿಕ್ಕಿಬಿದ್ದರೆ ಜೈಲು, ಜೊತೆಗೆ ಲೈಸೆನ್ಸ್ ಶಾಶ್ವತವಾಗಿ ರದ್ದು. ಈ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ.

ಎರಡು ತಿಂಗಳಾದ ಮೇಲೆ ಕಾರು ಬಿಡಿಸಿಕೊಂಡು ಬಂದೆವು. ಆಗ ನಮ್ಮವರು ಹುಡುಕಿದ ದಾರಿ ಕೇಳಿ. ಇನ್ನು ಸ್ಟೀರಿಂಗ್ ಮುಟ್ಟುವುದೇ ಇಲ್ಲ ಅಂದರು. ಕಲಿಯುವವರು ನೇರ ಶಾಲೆಯ ಬಾಗಿಲಿನಿಂದಲೇ ಗಾಡಿ ತೆಗೆಯಲಿ, ತಾನು ಪಕ್ಕದ ಸೀಟಿನಲ್ಲಿ ಕೂತು ಬಾಯಿಯಲ್ಲಿ ಹೇಳುವುದು ಅಷ್ಟೇ.

"ಸಸ್ಪೆಂಡ್ ಆಗಿರೋದು ಓಡ್ಸೋ ಲೈಸೆನ್ಸು ಕಣೇ, ಕಲ್ಸೋ ವಿದ್ಯೆ ಅಲ್ಲ."

ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರೇ ಕೂರಬೇಕೆಂಬ ನಿಯಮ ಅವರಿಗೆ ಗೊತ್ತಿರಲಿಲ್ಲವೇ? ಪ್ರತಿ ಸೋಮವಾರ ಚಾರ್ಟಿನ ಮುಂದೆ ನಿಂತು ಅವರೇ ಬಾಯಿಪಾಠ ಮಾಡಿಸುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇನ್ನು ನಾನೇನು ಕಮ್ಮಿ? ಪಾಠದ ಗಂಟೆಗಳ ಎದುರು ಅವರ ಹೆಸರನ್ನೇ ದಿನಾ ಬರೆದೆ. ಗಂಡ ಮೊದಲಿನಂತೆ ಬೀದಿಯಲ್ಲಿ ಕೂಗಾಡುತ್ತಿದ್ದುದು ಕೇಳಿ ಖುಷಿಯಾಗುತ್ತಿತ್ತು, ಸುಮ್ಮನಿದ್ದೆ. ನನ್ನ ತಪ್ಪು ನನ್ನದೇ, ಯಾರ ತಲೆಗೂ ಕಟ್ಟುವುದಿಲ್ಲ.

ಆ ಹೊತ್ತಿಗೆ ಬಂದು ಸೇರಿದವಳು ನರ್ಸಮ್ಮ. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು. ಆಸ್ಪತ್ರೆಗೆ ಹೊಸದಾಗಿ ಒಂದು ಚಿಕಿತ್ಸೆಯ ವ್ಯಾನ್ ಬಂದಿತ್ತು. ಅದನ್ನು ತಾನೇ ಓಡಿಸಿಕೊಂಡು ಊರಾಚೆಯ ಬಡಾವಣೆಗಳಿಗೆ ಹೋಗಬಲ್ಲ ನರ್ಸಿಗೆ ವ್ಯಾನಿನ ಜವಾಬ್ದಾರಿಯೂ ಬಡ್ತಿಯೂ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು.

"ಹದಿನೆಂಟು ವರ್ಷ ಬೇರೆಯೋರು ಹೇಳಿದ್ ಕಡೆ ಹೋಗಿದೀನಿ ಅಕ್ಕಾ. ಇನ್ಮೇಲೆ ನಾನೇ ಹೋಗ್ಬೇಕು" ಅಂದಳು. ನನಗೆ ಆ ಮಾತು ತುಂಬ ಹಿಡಿಸಿತು.

ಕಲಿಯುವುದರಲ್ಲಿ ಚುರುಕು, ಆದರೆ ಹೆದರಿಕೆಯವಳು. ಟೆಸ್ಟಿಗೆ ಇನ್ನು ಹನ್ನೊಂದು ದಿನವಿದೆ ಅನ್ನುವಾಗ, ಬೆಳಿಗ್ಗೆ ಹತ್ತು ಗಂಟೆಗೆ, ಮರದ ಡಿಪೋ ರಸ್ತೆಯಲ್ಲಿ ಅದು ನಡೆಯಿತು. ಡಿಪೋದಿಂದ ಲಾರಿಯೊಂದು ಹಿಂದೆ ಮುಂದೆ ನೋಡದೆ ರಿವರ್ಸ್ ಬಂತು. ಕಾರು ಪಕ್ಕಕ್ಕೆ ಎಳೆದು ಗಕ್ಕನೆ ನಿಂತಿತು, ಹಿಂದಿದ್ದ ವ್ಯಾನ್ ಬಂದು ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಹಿಂದಿನ ದೀಪ ಪುಡಿಯಾಯಿತು ಅಷ್ಟೇ. ಆದರೆ ವ್ಯಾನಿನವನು ಪೊಲೀಸರನ್ನು ಕರೆದ. ಬಂದವನು ಮತ್ತೆ ನಮ್ಮ ಹಳೆಯ ವಿದ್ಯಾರ್ಥಿಯೇ.

"ಯಾರು ಓಡಿಸ್ತಿದ್ದಿದ್ದು ಮೇಷ್ಟ್ರೇ?"

"ನಾನಂತೂ ಅಲ್ಲ. ಸ್ಟೀರಿಂಗ್ ಎಲ್ಲಿದೆ ನೋಡು, ನಾನೆಲ್ಲಿದೀನಿ ನೋಡು."

ಅವನು ಹಾಗೇ ಬರೆದುಕೊಂಡ. ಆ ಒಂದು ಮಾತಿನಿಂದ ನಮ್ಮವರು ಜೈಲಿನಿಂದ ಪಾರು, ನರ್ಸಮ್ಮ ಬಲೆಗೆ! ಓಡಿಸಿದವಳು ಅವಳಾದರೆ, ಲೈಸೆನ್ಸ್ ಇರುವವರು ಪಕ್ಕದಲ್ಲಿಲ್ಲದೆ ಓಡಿಸಿದ ಹಾಗಾಯಿತು. ಕಲಿಯುವವರ ಪರವಾನಗಿ ರದ್ದು, ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಆಸ್ಪತ್ರೆಯ ವ್ಯಾನು ಬೇರೆಯವರ ಪಾಲು. ಪಕ್ಕದ ಮೇಷ್ಟ್ರಿಗೇ ಲೈಸೆನ್ಸ್ ಇಲ್ಲವೆಂದು ಅವಳಿಗೆ ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ.

ಮೂರನೇ ದಿನ ಕೋರ್ಟಿನ ನೋಟಿಸ್ ಹಿಡಿದುಕೊಂಡು ಅವಳು ಶಾಲೆಗೆ ಬಂದಳು. ನಮ್ಮವರು ಮೇಜಿನ ಮೇಲೆ ಹಾಳೆ ಹರಡಿಕೊಂಡು, ಕಾರಿನ ಚಿತ್ರ ಬರೆದು, ಸ್ಟೀರಿಂಗಿನಿಂದ ಪಕ್ಕದ ಸೀಟಿಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದದ್ದನ್ನು ಗುರುತು ಹಾಕುತ್ತಿದ್ದರು. ಮೂರು ಪುಟದ ವಾದ ಸಿದ್ಧವಾಗಿತ್ತು. ಈ ಸಲ ನಾನೇ ಗೆಲ್ಲುವುದು ಎಂದು ಬೆಳಗಿನಿಂದ ಶಿಳ್ಳೆ ಬೇರೆ.

ಅವಳು ಕೂರಲಿಲ್ಲ. "ಮೇಷ್ಟ್ರೇ, ಲಾರಿ ನೋಡಿದ ತಕ್ಷಣ ನಾನು ಸ್ಟೀರಿಂಗ್ ಬಿಟ್ಟು ಎರಡೂ ಕೈಲಿ ಮುಖ ಮುಚ್ಕೊಂಡ್ಬಿಟ್ಟೆ. ಆಮೇಲೆ ಏನಾಯ್ತು ಅಂತ್ಲೇ ನಂಗೆ ಗೊತ್ತಿಲ್ಲ. ನೀವು ನೋಡಿದ್ರಿ ತಾನೇ?"

ಅವರು ಪೆನ್ಸಿಲ್ ಇಟ್ಟರು. ಟೇಪು ಸುತ್ತತೊಡಗಿದರು. ಅವಳು ನೋಟಿಸ್ ಮಡಚಿಕೊಂಡು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ಹಾಕಿದೆ. "ಏನ್ರೀ ಇದು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ? ಹಟ ನಿಮ್ದು, ಹಾಳಾಗೋದು ಅವ್ಳ ಬದುಕಾ?"

"ಅವ್ಳು ಡ್ರೈವರ್ ಸೀಟಲ್ಲಿದ್ಲು. ಸುಳ್ಳಾ?"

"ಸುಳ್ಳಲ್ಲ. ಅದಕ್ಕೇ ನಂಗೆ ಹೊಟ್ಟೆ ಉರೀತಿರೋದು. ಸರ್ಕಾರದ ಜೊತೆ ಜಗಳ ಆಡಿ, ಬೇಡ ಅನ್ನಲ್ಲ. ದೀಪದ ಜೊತೆ ಆಡಿ, ಕ್ಯಾಮೆರಾ ಜೊತೆ ಆಡಿ. ನಿಮ್ಮನ್ನ ನಂಬಿ ಬಂದೋಳನ್ನ ಅಡ್ಡ ಇಟ್ಕೊಂಡು ಆಡೋದು ಗಂಡಸ್ತನಾನಾ?"

"ಲೇ, ಲೈಸೆನ್ಸ್ ಹೋದ್ರೆ ನಾನು ಯಾರೇ?" ಅಂದರು. ಮದುವೆಯಾದಾಗಿನಿಂದ ಆ ದನಿ ನಾನು ಕೇಳಿರಲಿಲ್ಲ. ಮರುಕ ಹುಟ್ಟಿತು, ಆದರೂ ತೀರ್ಮಾನ ಅವರಿಗೇ ಬಿಟ್ಟೆ. ಅವರ ಬದಲು ನಾನು ತೀರ್ಮಾನ ಮಾಡಿದರೆ ಜೀವನಪೂರ್ತಿ ನನ್ನ ಮೇಲೆ ಹೇಳುತ್ತಿದ್ದರು, ನನಗೆ ಗೊತ್ತಿಲ್ಲವೇ ಈ ಮನುಷ್ಯ!

ಕೋರ್ಟಿನ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮೂರು ಪುಟ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದರು. ಕೋರ್ಟಿನ ಕೋಣೆಯಲ್ಲಿ ಫ್ಯಾನಿನ ಗರಗರ ಸದ್ದು. ನ್ಯಾಯಾಧೀಶೆ ಹಿಂದಿನ ಸಲದವರೇ. ಮೊದಲು ನರ್ಸಮ್ಮನನ್ನು ಕರೆದರು.

"ಗಾಡಿ ನೀವು ಓಡಿಸ್ತಿದ್ರಾ?"

ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಆಗ ಹಿಂದಿನಿಂದ, ನಾಲ್ಕು ಅಂಗಡಿಗೆ ಕೇಳಿಸುವ ಗಂಟಲು:

"ಇಲ್ಲ ಮೇಡಂ. ಓಡಿಸ್ತಿದ್ದಿದ್ದು ನಾನು."

"ನಿಮ್ಮ ಸರದಿ ಬಂದಾಗ ಮಾತಾಡಿ."

"ಸರದಿ ಬರೋ ಹೊತ್ತಿಗೆ ಈಯಮ್ಮ ಬಿದ್ದು ಹೋಗಿರ್ತಾರೆ, ನೋಡಿ ಹೇಗೆ ನಡುಗ್ತಿದಾರೆ."

ನ್ಯಾಯಾಧೀಶೆ ಕನ್ನಡಕ ತೆಗೆದರು. "ಪೊಲೀಸರಿಗೆ ನಾನಲ್ಲ ಅಂತ ನೀವೇ ಹೇಳಿದೀರಲ್ರೀ?"

"ಹೇಳಿದೆ. ಅವತ್ತು ನಂಗೆ ನನ್ನ ಲೈಸೆನ್ಸ್ ಬಿಟ್ರೆ ಬೇರೇನೂ ಕಾಣ್ಲಿಲ್ಲ. ಲಾರಿ ಹಿಂದಕ್ಕೆ ಬಂದಾಗ ಆ ಸ್ಟೀರಿಂಗ್ ಮೇಲಿದ್ದಿದ್ದು ಒಂದೇ ಕೈ, ಬ್ರೇಕ್ ಮೇಲಿದ್ದಿದ್ದು ಒಂದೇ ಕಾಲು. ಎರಡೂ ನಂದೇ. ನಂಗೆ ಲೈಸೆನ್ಸ್ ಇಲ್ಲ ಅನ್ನೋದೂ ಇವ್ರಿಗೆ ಗೊತ್ತಿರ್ಲಿಲ್ಲ. ನಾನೇ ಮುಚ್ಚಿಟ್ಟೆ."

"ಹೀಗೆ ಒಪ್ಕೊಂಡ್ರೆ ಏನಾಗುತ್ತೆ ಅಂತ ಗೊತ್ತಾ?"

"ಚೆನ್ನಾಗ್ ಗೊತ್ತು. ವಾರಕ್ಕೊಂದ್ಸಲ ನಾನೇ ಪಾಠ ಮಾಡ್ತೀನಿ."

"ದಯೆ ತೋರಿಸಿ ಅಂತ ಕೇಳ್ಕೋತೀರಾ?"

"ಇಲ್ಲ ಮೇಡಂ. ಮಾಡಿದ್ದು ಉಣ್ತೀನಿ. ಇವ್ರನ್ನ ಟೆಸ್ಟಿಗೆ ಬಿಡಿ, ಅಷ್ಟೇ ಕೇಳೋದು."

ತಲೆ ತಗ್ಗಿಸಲಿಲ್ಲ, ಕೈ ಮುಗಿಯಲಿಲ್ಲ. ಜೇಬಿನ ಹಾಳೆ ಜೇಬಿನಲ್ಲೇ ಇತ್ತು. ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಹೋಗಿ ಕೆನ್ನೆಗೆ ನಾಲ್ಕು ಬಿಗಿಯಬೇಕು ಅಂತಲೂ ಅನ್ನಿಸಿತು, ಇದನ್ನು ಅವತ್ತೇ ಪೊಲೀಸಿನವನಿಗೆ ಹೇಳಲು ಏನಾಗಿತ್ತು ಎಂದು!

ನಲವತ್ತೈದು ದಿನ ಜೈಲು. ಲೈಸೆನ್ಸ್ ಶಾಶ್ವತವಾಗಿ ರದ್ದು. ಶಾಲೆಗೆ ಬೀಗ. ನರ್ಸಮ್ಮನ ಪರವಾನಗಿ ಉಳಿಯಿತು, ಆದರೆ ಇಷ್ಟು ದಿನ ಅವರ ಪಕ್ಕದಲ್ಲಿ ಕಲಿತ ಪಾಠದ ಗಂಟೆಗಳು ಲೆಕ್ಕಕ್ಕಿಲ್ಲ ಅಂದರು. ಅವಳದಷ್ಟೇ ಅಲ್ಲ, ಅಮಾನತಿನ ದಿನಗಳಲ್ಲಿ ನಮ್ಮಲ್ಲಿ ಕಲಿತ ಇಪ್ಪತ್ತೆರಡು ಜನರದ್ದೂ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಕೆಲವರು ಸುಮ್ಮನೆ ಕೇಳಿಸಿಕೊಂಡರು, ಕೆಲವರು ಚೆನ್ನಾಗಿ ಉಗಿದರು. ಒಬ್ಬ ಹುಡುಗಿ ಅತ್ತಳು, ಅವಳಿಗೆ ಸಿಕ್ಕಿದ್ದ ಕೆಲಸ ಇದರಿಂದ ತಪ್ಪಿತು. ಗಂಡನ ಧೈರ್ಯ ಹೊಗಳುವವರು ಈಗಲೂ ನಮ್ಮ ಬೀದಿಯಲ್ಲಿದ್ದಾರೆ. ಅವರ್ಯಾರೂ ಆ ಫೋನುಗಳನ್ನು ಮಾಡಿಲ್ಲ.

ನರ್ಸಮ್ಮನನ್ನು ನಾನೇ ಎದುರು ಬೀದಿಯ ಡ್ರೈವಿಂಗ್ ಶಾಲೆಗೆ ಕರೆದುಕೊಂಡು ಹೋದೆ. ಇಷ್ಟು ವರ್ಷ ಆ ಶಾಲೆಯವರ ಮುಖ ಕಂಡರೆ ನಮಗಾಗುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಕಾಲು ಭಾರವಾಯಿತು, ಆದರೂ ಹತ್ತಿದೆ. ಆರು ದಿನ, ಡ್ಯೂಟಿ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ ಕಲಿತು, ತಿಂಗಳು ಮುಗಿಯಲು ಎರಡು ದಿನವಿರುವಾಗ ಅವಳು ಟೆಸ್ಟಿಗೆ ಹೋದಳು.

ಮರುದಿನ ನಾನು ಜೈಲಿಗೆ ಹೋದೆ. ಅವರು ಇಳಿದುಹೋಗಿದ್ದರು, ಗಡ್ಡ ಬಿಟ್ಟಿದ್ದರು. ಜಾಲರಿಯ ಆಚೆಯಿಂದ ಕೇಳಿದ ಮೊದಲ ಮಾತು, "ನರ್ಸಮ್ಮಂದು ಏನಾಯ್ತು?"

"ಪಾಸು."

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ. ಇವತ್ತು ವ್ಯಾನ್ ತಗೊಂಡು ಹೊರಟ್ಲು."

ನಕ್ಕರು, ಕಣ್ಣು ಒರೆಸಿಕೊಂಡರು. ಆಮೇಲೆ ಅವರು ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ಅಂದರು, "ನಂಗೆ ಮಾತ್ರ ಇನ್ಯಾವತ್ತೂ ಕೊಡಲ್ಲ ಅಲ್ವಾ?"

ಸಮಾಧಾನದ ಮಾತು ಬಾಯಿಯವರೆಗೆ ಬಂತು. ಆ ಬೆರಳಿನ ಮೇಲೆ ನನ್ನ ಬೆರಳಿಟ್ಟೆ.

"ಕೊಡಬಾರ್ದು ಕೂಡ" ಅಂದೆ.

ಎದುರುವಾದಕ್ಕೆ ಬಾಯಿ ತೆರೆದರು. ಹಾಗೇ ನನ್ನ ಮುಖ ನೋಡುತ್ತಾ ನಿಂತು, "ಹೂಂ, ಕೊಡಬಾರ್ದು" ಅಂದರು.