ಸತ್ತಿದೆ ಎಂದು ನಾನು ಬರೆದ ಮರ

ನಿನ್ನೆ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಮೆಟ್ಟಿಲಿಳಿಯುವಾಗ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಯಾರೋ ಗೇಟಿಗೆ ಕೆಂಪು ಬಳಿಯುತ್ತಿದ್ದರು. ಅಷ್ಟಕ್ಕೇ ನನ್ನ ಎದೆ ಧಸಕ್ಕೆಂದಿತು. ನಗಬೇಡಿ, ಕಾರಣವಿದೆ.

ಆರ್ಕಿಟೆಕ್ಚರ್ ಓದುತ್ತಿದ್ದಾಗ ಒಂದು ಬೇಸಿಗೆ ಬೈಕುಲ್ಲಾದ ಹಳೆಯ ತೋಟವೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಬ್ರಿಟಿಷರ ಕಾಲದ ತೋಟ. ಅದರ ದಾರಿ, ಕಟ್ಟೆ, ಮರಗಳನ್ನು ಇದ್ದ ಹಾಗೆ ಉಳಿಸುವ ಕೆಲಸ. ನನ್ನ ಪಾಲಿಗೆ ಬಂದದ್ದು ಮರಗಳ ಪಟ್ಟಿ. ನಂಬರ್ ಹಾಕಬೇಕು, ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯಬೇಕು, ಸ್ಥಿತಿ ಬರೆಯಬೇಕು. ಲೋಕಲ್ ರೈಲಿನಿಂದ ಇಳಿಯುವಾಗ ಎಂಥಾ ಜಂಬ ಅಂತೀರಿ! ಗ್ರಾಂಟ್ ರೋಡಿನ ಹೋಟೆಲೊಂದರ ಮಾಳಿಗೆಯಲ್ಲಿ ಬೆಳೆದ ನನಗೆ ಅದುವರೆಗೆ ಗೊತ್ತಿದ್ದ ಹಸಿರೆಂದರೆ ಬಾಳೆಎಲೆ ಮತ್ತು ಕೊತ್ತಂಬರಿ.

ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ತೋಟದ ಮಾಲಿ ಮೌಲಾ ಚಾಚಾ, ಸವಣೂರಿನವರು. ನಾನು ಕನ್ನಡದವಳೆಂದು ತಿಳಿದ ದಿನವೇ ಹಿಂದಿ ಬಿಟ್ಟರು. ಒಂದು ಶುಕ್ರವಾರ ಅವರು ನಮಾಜಿಗೆ ಹೋದಾಗ, ಕಾಯುವ ತಾಳ್ಮೆಯಿಲ್ಲದೆ ಒಬ್ಬಳೇ ಹೊರಟೆ. ಮೂಲೆಯಲ್ಲೊಂದು ದೈತ್ಯ ಮರ. ಒಂದೇ ಒಂದು ಎಲೆಯಿಲ್ಲ. 'ಸತ್ತಿದೆ' ಎಂದು ಬರೆದು ಮುಂದೆ ಹೋದೆ. ಕೆಲಸದ ಉಸ್ತುವಾರಿ ಹೊತ್ತಿದ್ದ ನಮ್ಮ ಮೇಡಂ ಪಟ್ಟಿಗೆ ಸಹಿ ಹಾಕಿದರು. ಸೋಮವಾರ ಕಾಂಟ್ರಾಕ್ಟರನ ಜನ ಮರದ ಮೇಲೆ ಕೆಂಪು ಗುರುತು ಬಳಿದರು. ಮರುದಿನ ಬೆಳಿಗ್ಗೆ ಕಡಿಯುವುದು.

"ಯಾವ ಶಾಣ್ಯಾ ಬರದಾನ ಇದನ್ನ?" ಗುರುತು ಕಂಡು ಚಾಚಾ ಗುಡುಗಿದರು.

"ನಾನೇ ಚಾಚಾ. ಒಂದೂ ಎಲೆ ಇರ್ಲಿಲ್ಲ..."

ಅವರು ಟೋಪಿ ತೆಗೆದು ಬೋಳುತಲೆ ತೋರಿಸಿದರು. "ಇಲ್ಲೂ ಏನಿಲ್ಲ ನೋಡ. ನನ್ನೂ ಸತ್ತಾನಂತ ಬರಕೋ!"

ಆಮೇಲೆ ಉಗುರಿನಿಂದ ತೊಗಟೆಯನ್ನು ಚೂರೇ ಕೆರೆದರು. ಒಳಗೆ ಹಸಿ ಹಸಿರು. "ಬ್ಯಾಸಗಿಗೆ ಎಲಿ ಉದರಸ್ತೈತಿ, ಮಳಿಗೆ ಚಿಗರ್ತೈತಿ. ನಮ್ಮೂರ ಮಠದಾಗ ಇಂಥವು ಮೂರು ಅದಾವ ಬೇಟಿ. ದೊಡ್ಡ ಹುಣಸಿ ಅಂತೀವಿ. ಬಾ, ಈಗರ ಅಳತಿ ಹಿಡಿ."

ಇಂಗ್ಲಿಷಿನಲ್ಲಿ ಬಾವೊಬಾಬ್ ಎನ್ನುವ ಆ ಮರವನ್ನು ಆಗ ಮೊದಲ ಬಾರಿ ಸರಿಯಾಗಿ ನೋಡಿದೆ. ಟೇಪು ಹಿಡಿದು ಸುತ್ತಿ ಸುತ್ತಿ ನಡೆದರೂ ಚಾಚಾ ಆಚೆ ಬದಿಯಲ್ಲಿ ಕಾಣುತ್ತಲೇ ಇಲ್ಲ. ಅಬ್ಬಾ! ಸುತ್ತಲಿನ ಮಿಲ್ಲುಗಳು ಹುಟ್ಟಿ, ಹೊಗೆಯಾಡಿ, ಮುಚ್ಚಿಹೋದದ್ದನ್ನೆಲ್ಲ ಕಂಡ ಮರವನ್ನು ನಾನು ಮೂರಕ್ಷರದಲ್ಲಿ ಮುಗಿಸಿದ್ದೆ. ನಾಚಿಕೆ, ಭಯ, ಭಕ್ತಿ ಎಲ್ಲ ಒಟ್ಟಿಗೇ ಬಂದು ಅಳುವೇ ಬಂತು.

ಸರ್ಟಿಫಿಕೇಟ್ ಹೋದರೆ ಹೋಗಲಿ ಎಂದು ಮೇಡಂಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವರು, "ನಾನೂ ಹೋಗಿ ನೋಡದೆ ಸಹಿ ಹಾಕಿದೆ," ಎಂದರು. ಸಂಜೆಯೊಳಗೆ ಬಂದು ಆದೇಶ ರದ್ದು ಮಾಡಿಸಿದರು. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದದ್ದೇ ತಡ, ಮರದ ತುಂಬ ಅಂಗೈ ಬಿಡಿಸಿದಂಥ ಎಲೆಗಳು. ಕೆಳಗೆ ನಿಂತು ಕತ್ತು ನೋಯುವವರೆಗೆ ನೋಡಿದೆ.

ಈಗ ನಾನೂ ಅದೇ ಕೆಲಸದಲ್ಲಿದ್ದೇನೆ. ಚಾಚಾ ತೀರಿಕೊಂಡು ಬಹಳ ದಿನವಾಯಿತು. ಆ ತೋಟದ ಬಗ್ಗೆ ಅಚ್ಚಾದ ವರದಿಯಲ್ಲಿ, ಆ ಮರವನ್ನು ಗುರುತಿಸಿ ಉಳಿಸಿದ್ದು ನಾನು ಎಂದಿದೆ. ಚಾಚಾನ ಹೆಸರು ಎಲ್ಲಿಯೂ ಇಲ್ಲ. ಆಗ ತಿದ್ದಿಸಬಹುದಿತ್ತು, ತಿದ್ದಿಸಲಿಲ್ಲ. ನಿನ್ನೆ ಸಂಜೆ ಆಫೀಸಿನಲ್ಲಿ ಹೊಸ ಇಂಟರ್ನ್ ಹುಡುಗಿ ಆ ಪುಟ ತೆರೆದು, "ಮೇಡಂ, ಇದನ್ನ ಬಚಾಯಿಸಿದ್ದು ನೀವೇನಾ?" ಎಂದು ಕಣ್ಣರಳಿಸಿದಳು.

"ಅಲ್ಲಮ್ಮ," ಎಂದೆ. "ಕಡಿಯೋಕೆ ಬರೆದಿದ್ದು ನಾನು."