ಮೈಮುನಕ್ಕ ಒಲೆ ಹಚ್ಚದ ಶುಕ್ರವಾರ

ಮೈಮುನಕ್ಕನ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಒಂದೇ ಒಂದು ಶುಕ್ರವಾರ. ಮಾತಾಡುತ್ತಾ ಅಕ್ಕಿರೊಟ್ಟಿ ತಟ್ಟುವರು, ನಗುತ್ತಾ ಮೀನು ಹೆಚ್ಚುವರು, ಸಿಟ್ಟು ಬಂದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವರು.

ಎಂಬತ್ತರ ದಶಕದಲ್ಲಿ ನಾನು ಸೌದಿಯ ಖಮೀಸ್ ಮುಶೈತ್‌ನಲ್ಲಿ ನರ್ಸ್ ಆಗಿದ್ದಾಗ ಅವರದು ನಮ್ಮ ಕೆಳಗಿನ ಮನೆ. ಅವರು ಬಂದದ್ದು ಹೆಂಡತಿಯರಿಗೆ ಕೊಡುವ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ. ಗಂಡನಿಗೆ ದಿನಸಿ ಅಂಗಡಿ. ಆಗ ಅವನನ್ನು ಹಮೀದಾಕ ಎಂದು ಗೌರವದಿಂದಲೇ ಕರೆಯುತ್ತಿದ್ದೆ. ಈಗ ಬಹುವಚನ ಬಾಯಿಗೆ ಬರುವುದಿಲ್ಲ. ಅಂಗಡಿಯ ಆರು ಮಂದಿ ಕೆಲಸಗಾರರಿಗೂ ಊಟ ಇವರ ಮನೆಯಲ್ಲೇ. ಊಟದ ಹಣವನ್ನು ಹಮೀದಾಕ ಆ ಕೆಲಸಗಾರರ ಸಂಬಳದಲ್ಲಿ ಹಿಡಿಯುತ್ತಿದ್ದ. ಬೇಯಿಸಿದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ರೋಗಿಗೆ ಗಂಜಿ ಕುಡಿಸಿದ್ದಕ್ಕೆ ನನಗೆ ಸಂಬಳ ಬರುತ್ತಿತ್ತು. ಆ ಆರು ಮಂದಿಯಲ್ಲಿ ಒಬ್ಬನಿಗೆ ಜ್ವರ ಬಂದಾಗ ಮೈಮುನಕ್ಕ ವಾರವಿಡೀ ಗಂಜಿ ಕುಡಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಊರಿನಲ್ಲಿ ಅವರನ್ನು ಹೆತ್ತ ಉಮ್ಮನಿಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಒಂದು ಗುರುವಾರ ಸಾರು ಕೊಂಡುಹೋಗಲು ಅಡಿಗೆಮನೆಗೆ ಬಂದ ಗಂಡನ ಹತ್ತಿರ ಐನೂರು ರಿಯಾಲ್ ಕೇಳಿದರು. ನಾನು ಅಲ್ಲೇ ಇದ್ದೆ.

"ನಿನಗೆಂತ ಸಂಪಾದನೆ ಉಂಟು ಮಾರಾಯ್ತಿ? ನಿನ್ನ ಇಕಾಮಾದಲ್ಲೇ ಬರ್ದಿದ್ದಾರಲ್ಲ, ಕೆಲಸ ಮಾಡ್ಲಿಕ್ಕಿಲ್ಲ ಅಂತ," ಎಂದು ಅವನು ಹೊರಗೆ ಕೂತವರಿಗೂ ಕೇಳುವಂತೆ ಹೇಳಿದ. ಅಲ್ಲಿ ಯಾರೋ ನಕ್ಕರು. ಮೈಮುನಕ್ಕ ಬಡಿಸಿದ ಅನ್ನ ಉಣ್ಣುತ್ತಲೇ ನಕ್ಕರು.

ಮರುದಿನ ಜುಮಾ ನಮಾಜು ಮುಗಿಸಿ ಬಂದವರಿಗೆ ಪಾತ್ರೆಗಳೆಲ್ಲ ಖಾಲಿ. ಗಲಾಟೆ ಕೇಳಿ ನಾನು ಇಳಿದು ಹೋದೆ. ಮೈಮುನಕ್ಕ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು.

"ನನಗೆ ಕೆಲಸ ಮಾಡ್ಲಿಕ್ಕಿಲ್ಲವಲ್ಲ," ಎಂದು ಗಂಡನಿಗೆ ತಣ್ಣಗೆ ಹೇಳಿದರು. "ಪೊಲೀಸರು ಬಂದ್ರೆ ನಿಮಗೇ ಕಷ್ಟ."

ಅಂದು ಹೋಟೆಲಿನಿಂದ ಊಟ ಬಂತು. ತಿಂಗಳೊಳಗೆ ಹಮೀದಾಕ ಮೈಮುನಕ್ಕನ ಇಕಾಮಾ ರದ್ದುಮಾಡಿಸಿ, ಎಕ್ಸಿಟ್ ಹಾಕಿಸಿ ಊರಿಗೆ ಕಳಿಸಿದ.

ಕೊನೆಯ ಸಲ ಸಿಕ್ಕಿದ್ದು ಮೆಟ್ಟಿಲ ಮೇಲೆ. ಆಪರೇಷನಿಗೆ ಎಂತ ಮಾಡ್ತೀರಿ ಎಂದು ಕೇಳಿದೆ. ಕೈಯ ಚಿನ್ನದ ಬಳೆ ತೋರಿಸಿದರು. "ಇದು ಅಪ್ಪ ಕೊಟ್ಟದ್ದು. ಯಾರ ಹತ್ರವೂ ಕೇಳ್ಬೇಕಾಗಿಲ್ಲ." ಎರಡು ಮೆಟ್ಟಿಲಿಳಿದು ತಿರುಗಿದರು. "ಹುಳಿ, ಮೆಣಸು ಎಲ್ಲಿಟ್ಟಿದ್ದೇನೆ ಅಂತ ಅವರಿಗೆ ಹೇಳ್ಬೇಡಿ ಸಿಸ್ಟರ್. ಹುಡುಕ್ಲಿ."

ಮರುವಾರವೇ ಆ ಅಡಿಗೆಮನೆಗೆ ಅಡಿಗೆಯವನೊಬ್ಬ ಬಂದ. ತಿಂಗಳಿಗೆ ಎಂಟುನೂರು ರಿಯಾಲ್, ಶುಕ್ರವಾರ ರಜೆ, ಬಟ್ಟೆ ಒಗೆಯುವುದಿಲ್ಲ. ಹಮೀದಾಕನನ್ನು ಮೆಟ್ಟಿಲಲ್ಲೇ ತಡೆದು ಕೇಳಿದೆ: "ಇವನಿಗೆ ಸಂಬಳ ಕೊಡ್ತೀರಾ?"

ಅವನು ನನ್ನನ್ನು ಬುದ್ಧಿಯಿಲ್ಲದವಳಂತೆ ನೋಡಿದ. "ಎಂತ ಕೇಳ್ತೀರಿ ಸಿಸ್ಟರ್? ಸಂಬಳ ಇಲ್ಲದೆ ಯಾರಾದ್ರೂ ಕೆಲಸ ಮಾಡ್ತಾರಾ?"