ಕೈ ಎತ್ತಿದ ವರ್ಲಿನ್

ಹಾಲ್‌ಬ್ರೂಕ್ ಕುರ್ಚಿ ಕಾರ್ಖಾನೆಯ ಕೆಲಸವೆಲ್ಲ ಚೀನಾಕ್ಕೆ ಹೋಯಿತೆಂಬುದು ಉತ್ತರ ಕೆರೊಲಿನಾದ ಆ ಊರಿನ ನಾಯಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಸರ್ಕಾರಕ್ಕೆ ಮಾತ್ರ. ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರಿದವರು ಊರಿನವರೇ. ಅದಕ್ಕೂ ಮುಂಚೆ ಕಸುಬು ಕಲಿಯಲು ಬಂದ ಚೀನೀ ಹುಡುಗರಿಗೆ ಕೈಹಿಡಿದು ಕಲಿಸಿದವರೂ ಇವರೇ. ಅವರು ಹೊರಡುವ ದಿನ ಚರ್ಚಿನ ಹೆಂಗಸರು ಬಾಳೆಹಣ್ಣಿನ ಪುಡಿಂಗ್ ಮಾಡಿ ಬಡಿಸಿದ್ದರು. ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಳ್ಳುವಾಗಲೂ ಅತಿಥಿ ಸತ್ಕಾರಕ್ಕೆ ಕಮ್ಮಿಯಾಗಬಾರದು ನೋಡಿ! ಇಷ್ಟೆಲ್ಲ ಆದ ಮೇಲೆ ವಾಷಿಂಗ್ಟನ್ನಿನ ದೊರೆಗಳು ತಿಂಗಳುಗಟ್ಟಲೆ ತನಿಖೆ ನಡೆಸಿ, ಈ ಕಾರ್ಖಾನೆಗೆ ಪರದೇಶದ ಮಾಲಿನಿಂದ ಪೆಟ್ಟು ಬಿದ್ದಿದೆ ಎಂಬ ಮಹಾಸತ್ಯವನ್ನು ಕಂಡುಹಿಡಿದರು.

ಪೆಟ್ಟು ತಿಂದವರಿಗೆ ಸರ್ಕಾರದ ನೆರವು ಸಿಗುವುದೆಂದಾಯಿತು. ವಾರದ ಭತ್ಯೆ, ಹೊಸ ಕಸುಬಿನ ತರಬೇತಿ, ಆರೋಗ್ಯ ವಿಮೆಯ ಕಂತಿನಲ್ಲಿ ದೊಡ್ಡ ಪಾಲು. ವರ್ಲಿನ್ ಟ್ರಿಪ್ಲೆಟ್‌ಗೆ ಮೊದಲೆರಡು ಬೇಕಿರಲಿಲ್ಲ. ಹದಿಹರೆಯದಿಂದ ಕುರ್ಚಿಗಳಿಗೆ ಸ್ಪ್ರಿಂಗ್ ಕಟ್ಟುತ್ತ ಮುದುಕನಾದವನು, ಈ ವಯಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಯಾರನ್ನು ಉದ್ಧಾರ ಮಾಡಬೇಕು? ಅವನಿಗೆ ಬೇಕಿದ್ದದ್ದು ವಿಮೆ. ಹೆಂಡತಿ ನೊವೆಲ್ಲಾ ಅದೇ ಕಾರ್ಖಾನೆಯ ಬಣ್ಣ ಹೊಡೆಯುವ ಕೋಣೆಯಲ್ಲಿ ವಾರ್ನಿಷ್ ಹಬೆ ಕುಡಿದೂ ಕುಡಿದೂ ಶ್ವಾಸಕೋಶ ಕಳಕೊಂಡಿದ್ದಳು. ಮೂಗಿಗೆ ನಳಿಗೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ವಿಮೆ ನಿಂತರೆ ಸಿಲಿಂಡರ್ ನಿಲ್ಲುತ್ತದೆ, ಸಿಲಿಂಡರ್ ನಿಂತರೆ ಅವಳು.

ವರ್ಲಿನ್ ಅರ್ಜಿ ಹಾಕಿದ. ಕಚೇರಿ ತಿರಸ್ಕರಿಸಿತು. ಕಾರಣ: ಕೆಲಸ ಕಳೆದುಕೊಂಡವನಲ್ಲ, ತಾನಾಗಿ ಬಿಟ್ಟವನು.

ಆದದ್ದು ಇಷ್ಟೇ. ಹಾಲ್‌ಬ್ರೂಕ್‌ನಲ್ಲಿ ಒಂದು ಪದ್ಧತಿಯಿತ್ತು. ಆಳು ಕಡಿಮೆ ಮಾಡುವ ಹೊತ್ತು ಬಂದಾಗ ಮೇಸ್ತ್ರಿ ಎಲ್ಲರನ್ನೂ ಸೇರಿಸಿ ನಿಲ್ಲಿಸುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ. ಮಕ್ಕಳು ದೊಡ್ಡವಾದ, ಮನೆಯ ಸಾಲ ತೀರಿದ ಹಿರಿಯನೊಬ್ಬ ತಾನಾಗಿ ಕೈ ಎತ್ತುತ್ತಿದ್ದ. ಎಳೆ ಮಕ್ಕಳ ತಂದೆಯೊಬ್ಬನ ಕೆಲಸ ಉಳಿಯುತ್ತಿತ್ತು. ಯಾರೂ ಹೊಗಳುತ್ತಿರಲಿಲ್ಲ, ಭಾನುವಾರ ಚರ್ಚಿನಲ್ಲಿ ಕೈಕುಲುಕುವಾಗ ಸ್ವಲ್ಪ ಬಿಗಿಯಾಗಿ ಕುಲುಕುತ್ತಿದ್ದರು, ಅಷ್ಟೇ. ಆ ಸಲ ಕೆಲಸ ಹೋಗುವ ಸರದಿ ಜೋಡಿ ಬಮ್‌ಗಾರ್ನರ್ ಎಂಬ ಹುಡುಗನದು. ಅವನ ಮೂರನೆಯ ಮಗು ಆಗಷ್ಟೇ ಹುಟ್ಟಿತ್ತು. ವರ್ಲಿನ್ ಕೈ ಎತ್ತಿದ. ಮರುತಿಂಗಳೇ ಕಾರ್ಖಾನೆಗೆ ಬೀಗ ಬಿತ್ತು. ಕೊನೆಯವರೆಗೂ ಇದ್ದ ಜೋಡಿಗೆ ಎಲ್ಲ ನೆರವೂ ಸಿಕ್ಕಿತು. ಅವನ ಹೊಟ್ಟೆ ತಣ್ಣಗಿರಲಿ, ತಪ್ಪು ಅವನದಲ್ಲ. ಆದರೆ ಇನ್ನೊಬ್ಬನಿಗಾಗಿ ಕೈ ಎತ್ತಿದವನ ಕೈಗೇ ಚಿಪ್ಪು ಕೊಡುವ ಕಾನೂನನ್ನು ಬರೆದ ಪುಣ್ಯಾತ್ಮ ಯಾರೋ, ಅವನ ಮುಖವನ್ನೊಮ್ಮೆ ನೋಡಬೇಕು.

ಮೇಲ್ಮನವಿಯ ವಿಚಾರಣೆಗೆ ಮುಂಚೆ ಹಳೆಯ ಮೇಸ್ತ್ರಿ ಗಾರ್ಲಂಡ್ ಸ್ಟಾರ್ನ್ಸ್ ತನ್ನ ಮನೆಯ ಜಗಲಿಯಲ್ಲಿ ವರ್ಲಿನ್‌ನನ್ನು ಕೂರಿಸಿಕೊಂಡು ದಾರಿ ಹೇಳಿಕೊಟ್ಟ.

"ನೀನು ಕೈ ಎತ್ತೇ ಇಲ್ಲ ಅಂತೀನಿ ಕಣೋ. ಕೆಲಸ ಕಮ್ಮಿ ಇತ್ತು, ನಾನೇ ಆರಿಸಿ ಕಳಿಸಿದೆ ಅಂತೀನಿ."

"ಇಷ್ಟು ಜನರಲ್ಲಿ ನನ್ನೇ ಯಾಕೆ ಅಂತ ಕೇಳಿದ್ರೆ?"

ಗಾರ್ಲಂಡ್ ತಂಬಾಕು ಉಗಿದ. "ನಿಧಾನ ಅಂತೀನಿ. ಕೈ ನಡುಗ್ತಿತ್ತು, ಕಟ್ಟಿದ ಕುರ್ಚಿಗಳು ವಾಪಸ್ ಬರ್ತಿದ್ವು ಅಂತೀನಿ. ನೀನು ಹೂಂ ಅನ್ನು, ಮುಗೀತು."

"ನನ್ನ ಒಂದು ಕುರ್ಚಿ ವಾಪಸ್ ಬಂದಿತ್ತೇನೋ?"

"ಇಲ್ಲ ಮಾರಾಯ, ನಂಗೊತ್ತಿಲ್ವಾ? ಕುರ್ಚಿ ಮುಖ್ಯಾನೋ, ನೊವೆಲ್ಲಾ ಮುಖ್ಯಾನೋ?"

ಅಂತೂ ಪರೋಪಕಾರಿ ಎಂದರೆ ಅನರ್ಹ, ಅಯೋಗ್ಯ ಎಂದರೆ ಅರ್ಹ! ಆದರೂ ವರ್ಲಿನ್ ಒಪ್ಪಿದ. ನೊವೆಲ್ಲಾಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅವಳು ಸಿಲಿಂಡರ್ ಎಳೆದುಕೊಂಡೇ ಹೋಗಿ ಗಾರ್ಲಂಡನ ಜಗಲಿಯಲ್ಲಿ ನಿಂತು ಅವನ ಜನ್ಮ ಜಾಲಾಡುತ್ತಿದ್ದಳು.

ಬೇಡವೆಂದರೂ ಕೇಳದೆ ವಿಚಾರಣೆಗೆ ಅವಳೂ ಬಂದಳು. ಭಾನುವಾರ ಚರ್ಚಿಗೆ ತೊಡುವ ನೀಲಿ ಉಡುಪು ತೊಟ್ಟು ಹಿಂದಿನ ಸಾಲಿನಲ್ಲಿ ಕೂತಳು. ವಿಚಾರಣಾಧಿಕಾರಿ ಮಿಸ್ ಅಬರ್ನೆತಿ ವರ್ಲಿನ್, ಗಾರ್ಲಂಡ್ ಇಬ್ಬರಿಂದಲೂ ಪ್ರಮಾಣ ಮಾಡಿಸಿದಳು. ಗಾರ್ಲಂಡ್ ಪಾಠ ಒಪ್ಪಿಸಿದ: ನಿಧಾನ, ನಡುಗುವ ಕೈ, ವಾಪಸ್ ಬಂದ ಕುರ್ಚಿಗಳು. ಅಬರ್ನೆತಿ ವರ್ಲಿನ್ ಕಡೆ ತಿರುಗಿದಳು.

"ಇವರು ಹೇಳಿದ್ದು ಸರೀನಾ, ಟ್ರಿಪ್ಲೆಟ್ ಅವರೇ?"

"ಹೌದು ಮೇಡಂ. ನನ್ನ ಕೆಲಸ... ಅಷ್ಟಕ್ಕಷ್ಟೇ ಇತ್ತು."

"ಏನಂದೆ?" ಹಿಂದಿನಿಂದ ನೊವೆಲ್ಲಾ ಎದ್ದು ನಿಂತಿದ್ದಳು. "ಯಾರ ಕೆಲಸ ಅಷ್ಟಕ್ಕಷ್ಟೇ? ಲೇ ಗಾರ್ಲಂಡ್, ನಿನ್ನ ನಾಲಗೆಗೆ ಹುಳ ಬೀಳ! ನಿನ್ನ ಮಗಳ ಮದುವೆಗೆ ಇವನು ಕಟ್ಟಿಕೊಟ್ಟ ಸೋಫಾದ ಮೇಲೇ ಅಲ್ವೇನೋ ಇವತ್ತಿಗೂ ನಿನ್ನ ಮೊಮ್ಮಕ್ಕಳು ಕುಣಿಯೋದು?"

"ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ," ಎಂದಳು ಅಬರ್ನೆತಿ.

"ಕೂರಲ್ಲ. ಇವನನ್ನ ಯಾರೂ ಕಳಿಸ್ಲಿಲ್ಲ ತಾಯಿ. ಆ ಹುಡುಗ ಜೋಡಿಯ ಮಗು ಇನ್ನೂ ತೊಟ್ಟಿಲಲ್ಲಿತ್ತು. ಇವನೇ ಕೈ ಎತ್ತಿದ. ಆವತ್ತು ಮನೆಗೆ ಬಂದು ಹೇಳ್ದಾಗ ನಾನೇ..." ಅಷ್ಟಕ್ಕೆ ಉಸಿರು ಸಾಲದೆ ಬೆಂಚು ಹಿಡಿದುಕೊಂಡಳು.

ಗಾರ್ಲಂಡ್ ಟೋಪಿಯನ್ನು ತೊಡೆಯ ಮೇಲೆ ಹಿಂದುಮುಂದು ತಿರುಗಿಸುತ್ತ ಕೂತ. ಅಬರ್ನೆತಿ ಕೆಟ್ಟವಳೇನಲ್ಲ. ದನಿ ಮುದ್ರಿಸುವ ಯಂತ್ರವನ್ನು ನಿಲ್ಲಿಸಿ ಮೆಲ್ಲಗೆ ಹೇಳಿದಳು: "ನಿಮ್ಮ ಹೆಂಡತಿ ಪ್ರಮಾಣ ಮಾಡಿದ ಸಾಕ್ಷಿ ಅಲ್ಲ. ಅವರ ಮಾತನ್ನ ನಾನು ಲೆಕ್ಕಕ್ಕೆ ತಗೋಬೇಕಾಗಿಲ್ಲ. ಇನ್ನೊಂದ್ಸಲ ಕೇಳ್ತೀನಿ, ಯೋಚನೆ ಮಾಡಿ ಹೇಳಿ." ಯಂತ್ರ ಮತ್ತೆ ತಿರುಗಿತು. "ನೀವು ಕೈ ಎತ್ತಿದ್ರಾ?"

ಒಂದು 'ಇಲ್ಲ' ಸಾಕಿತ್ತು. ವರ್ಲಿನ್ ಹಿಂದೆ ತಿರುಗಿದ. ನಳಿಗೆ ಸಿಕ್ಕಿಸಿದ ಮುಖದಲ್ಲಿ ನೊವೆಲ್ಲಾಳ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಅವಳಿಗೆ ಈಗ ಎಲ್ಲ ಅರ್ಥವಾಗಿತ್ತು, ಈ ಸುಳ್ಳು ಯಾತಕ್ಕೆಂಬುದೂ. ಆದರೂ ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

"ಎತ್ತಿದೆ ಮೇಡಂ," ಎಂದ ವರ್ಲಿನ್. "ನನ್ನ ಒಂದು ಕುರ್ಚೀನೂ ವಾಪಸ್ ಬಂದಿಲ್ಲ. ಅದನ್ನೂ ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಸತ್ಯ ನುಡಿದ ಪ್ರಜೆಗೆ ಸರ್ಕಾರ ಕೊಡಬೇಕಾದ ಬಹುಮಾನವನ್ನೂ ಅಲ್ಲೇ ಓದಿ ಹೇಳಿದಳು: ಅನರ್ಹ. ಓದುವಾಗ ಮುಖ ಎತ್ತಲಿಲ್ಲ.

ಇಬ್ಬರೂ ಟ್ರಕ್ಕಿನಲ್ಲಿ ಮನೆಗೆ ಹೊರಟರು. ಊರಿನ ತಿರುವು ಬಂದಾಗ ನೊವೆಲ್ಲಾ ಅಂದಳು: "ನಾನು ಬಾಯಿ ಮುಚ್ಕೊಂಡಿರಬೇಕಿತ್ತು, ಅಲ್ವಾ?"

"ಹಾಗಂದ್ರೆ ಇಲ್ಲೇ ಇಳಿಸಿಬಿಡ್ತೀನಿ ನೋಡು."

ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ವರ್ಲಿನ್ ಒಂದು ಕೈಯಲ್ಲಿ ಅವಳ ಬೆನ್ನು ನೀವುತ್ತ ಸಿಲಿಂಡರಿನ ಮಾಪಕದ ಮುಳ್ಳು ನೋಡಿದ. ಅದು ಕೆಂಪು ಗೆರೆಗೆ ಇಳಿದಿತ್ತು. ಮನೆಯಲ್ಲಿ ತುಂಬಿದ್ದು ಇನ್ನೊಂದೇ ಇತ್ತು. ಅವನು ಟ್ರಕ್ಕಿನ ವೇಗ ಹೆಚ್ಚಿಸಿದ.